ಅಲೆಯೆದ್ದ ಮರದ ಹಾಳೆ

ಮರವನ್ನು ಹಾಳೆಯಂತೆ ತೆಳುವಾಗಿ ಸೀಳಿ ತೆಗೆದರೆ ಅದಕ್ಕೆ ವಿನಿಯರ್ ಎನ್ನುತ್ತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರು. ನೇರ ಎಳೆಯ ತೇಗದ ವಿನಿಯರ್ ಸಾಧು ಪ್ರಾಣಿ, ಹೇಳಿದಂತೆ ಕೇಳುತ್ತದೆ. ಮರದ ಗಂಟಿನಿಂದ ತೆಗೆದದ್ದು ಹಾಗಲ್ಲ. ಸುಳಿಸುಳಿಯಾದ ಅದರ ಚಿತ್ತಾರ ಕಣ್ಣಿಗೆ ಹಬ್ಬ, ಆದರೆ ಒಣಗುತ್ತಿದ್ದಂತೆಯೇ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಲೆಯೇಳುತ್ತದೆ. ಅಂಗೈಯಿಂದ ಒತ್ತಿದರೆ ಚಟ್ಟನೆ ಸೀಳುತ್ತದೆ.

ಕಾರಣ ಸರಳ. ಮಳೆಗಾಲದಲ್ಲಿ ನಮ್ಮ ಮನೆಗಳ ಬಾಗಿಲು ಬಿಗಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಹಲಗೆ ಉಬ್ಬುವುದು ಅಗಲದಲ್ಲಿ. ಎಳೆಯುದ್ದಕ್ಕೆ ಅದು ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಗಂಟಿನಲ್ಲಿ ಎಳೆಗಳು ದಿಕ್ಕಿಗೊಂದರಂತೆ ಹರಿದಿರುತ್ತವೆ. ಒಂದು ಭಾಗ ಕುಗ್ಗಲು ಹೊರಟರೆ ಪಕ್ಕದ್ದು ಒಪ್ಪುವುದಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಈ ವಿಷಯ ನನ್ನ ಮನೆಗೆ ಬಂದದ್ದು ಅಪ್ಪನ ವಾಲ್ವ್ ರೇಡಿಯೋದ ನೆಪದಿಂದ. ಅದು ಹಾಡದೆ ಎಷ್ಟೋ ಕಾಲವಾಯಿತು. ಆದರೂ ನಮ್ಮ ಅಮ್ಮ ದಿನಕ್ಕೊಮ್ಮೆ ಅದನ್ನು ಒರೆಸದೆ ಬಿಡುವವರಲ್ಲ. ಈಗ ಅವರಿಗೆ ತೊಂಬತ್ತು, ಕಣ್ಣು ಪೂರ್ತಿ ಮಂಜು; ಬೆರಳೇ ಕಣ್ಣು. ಪೆಟ್ಟಿಗೆಯ ಮೇಲ್ಭಾಗದ ವಿನಿಯರ್ ಸಿಬಿರೆದ್ದು, ಕಳೆದ ವರ್ಷ ಅವರ ಬೆರಳಿಗೆ ಚುಚ್ಚಿಕೊಂಡಿತು. "ಸನ್‌ಮೈಕಾ ಅಂಟಿಸಿಬಿಡಿ" ಎಂದವರೇ ಹೆಚ್ಚು. ಅಮ್ಮನ ಕೈಗೆ ಅದು ಪರಕೀಯವಾಗುತ್ತಿತ್ತು ಎಂಬುದನ್ನು ನಾನು ಯಾರಿಗೂ ವಿವರಿಸಲು ಹೋಗಲಿಲ್ಲ.

ನಮ್ಮ ಬೀದಿಯ ಆಚಾರ್ರು ತಮ್ಮ ಅಟ್ಟದಿಂದ ಗಂಟಿನ ವಿನಿಯರ್ ಹಾಳೆಯೊಂದನ್ನು ಇಳಿಸಿದರು. ಬಣ್ಣ ಹೊಂದುತ್ತಿತ್ತು. ಆದರೆ ಇದ್ದದ್ದು ಅದೊಂದೇ, ಅದೂ ಅಲೆಯಲೆ. "ಇದು ಒಡೆದರೆ ನನ್ನ ಹತ್ತಿರ ಇನ್ನೊಂದಿಲ್ಲ ಮೇಷ್ಟ್ರೇ" ಎಂದರು. ಇಸ್ತ್ರಿ ಪೆಟ್ಟಿಗೆ ಆಡಿಸೋಣವೆಂದು ಅವರ ಮಗ ಹೇಳಿದ್ದಕ್ಕೆ, "ಅದು ಪಂಚೆಗೆ" ಎಂದಷ್ಟೇ ಉತ್ತರ ಬಂತು.

ಮಾಘದ ಒಣಹವೆಯಲ್ಲಿ ಕೆಲಸ ಹಿಡಿದೆವು. ಮಳೆಗಾಲದಲ್ಲಾದರೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಮೂರು ಪಾಲು ನೀರು, ಒಂದು ಪಾಲು ಗ್ಲಿಸರಿನ್, ಒಂದು ಪಾಲು ಸ್ಪಿರಿಟ್: ಇದು ನಾವು ಹಾಕಿದ ಅಳತೆ. ನೀರು ಎಳೆಯನ್ನು ಮೆತ್ತಗಾಗಿಸುತ್ತದೆ. ಗ್ಲಿಸರಿನ್ ಒಳಗೇ ಉಳಿದು, ನೀರು ಆರಿದ ಮೇಲೂ ಹಾಳೆಯನ್ನು ಬಳುಕುವಂತೆ ಇಡುತ್ತದೆ. ಸ್ಪಿರಿಟ್ಟಿನಿಂದ ದ್ರಾವಣ ಬೇಗ ಇಂಗುತ್ತದೆ. ಗ್ಲಿಸರಿನ್ ಹೆಚ್ಚಾದರೆ ಮುಂದೆ ಅಂಟು ಹಿಡಿಯದು. ಎರಡೂ ಮಗ್ಗುಲಿಗೆ ಸ್ಪಂಜಿನಿಂದ ಹಚ್ಚಿ, ಹೆಚ್ಚಿನದು ತೊಟ್ಟಿಕ್ಕಲು ಬಿಟ್ಟೆವು. ಅರ್ಧ ಗಂಟೆಯಲ್ಲಿ ಆ ಹಟಮಾರಿ ಹಾಳೆ ತೊಗಲಿನಂತೆ ಬಾಗತೊಡಗಿತು.

ಬಳಿಕ ಹಾಳೆಯ ಎರಡೂ ಬದಿಗೆ ಗಾಳಿಯಾಡಲೆಂದು ನೈಲಾನಿನ ಸೊಳ್ಳೆ ಜಾಲರಿ, ಅದರಾಚೆ ಮುದ್ರಣವಿಲ್ಲದ ಕಾಗದ, ಅದರಾಚೆ ಸಮತಟ್ಟಾದ ಪ್ಲೈವುಡ್ ಹಲಗೆ. ಕಬ್ಬಿಣದ ಜಾಲರಿ ಸಲ್ಲದು. ಮರದ ಒಗರು ಒದ್ದೆ ಕಬ್ಬಿಣಕ್ಕೆ ಸೋಕಿದರೆ ಕಪ್ಪು ಕಲೆ ನಿಲ್ಲುತ್ತದೆ. ಹಳೆಯ ಪತ್ರಿಕೆಯೂ ಬೇಡ, ಅಕ್ಷರಗಳು ಮರಕ್ಕೆ ಇಳಿದಾವು. ಮೊದಲು ಹಗುರ ಭಾರ, ಅಲೆ ತಗ್ಗಿದಂತೆ ಹೆಚ್ಚು. ಒಮ್ಮೆಗೇ ಹೇರಿದರೆ ಉಬ್ಬಿದ ಕಡೆ ಸೀಳುತ್ತದೆ. ಮೊದಲ ದಿನ ಎರಡು ಮೂರು ಬಾರಿ, ಆಮೇಲೆ ದಿನಕ್ಕೊಮ್ಮೆ ಕಾಗದ ಬದಲಿಸುವ ಹೊಣೆ ನನ್ನದು. ಪ್ರತಿಸಲ ಹಲಗೆ ಎತ್ತುವಾಗ ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಎದೆಬಡಿತ! ಆರನೆಯ ದಿನ ಕಾಗದ ಒಣಗಿಯೇ ಹೊರಬಂತು. ಅಂಚಿನಲ್ಲೊಂದು ಕೂದಲೆಳೆಯ ಬಿರುಕು, ಉಳಿದದ್ದೆಲ್ಲ ಮಟ್ಟಸ.

ಹೀಗೆ ಮಟ್ಟಸವಾದದ್ದನ್ನು ಹೊರಗಿಟ್ಟರೆ ಮತ್ತೆ ಸೊಟ್ಟಗಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಹಳೆಯ ಸರೇಸನ್ನು ಕೆರೆದು ಸಿದ್ಧಮಾಡುವವರೆಗೂ ಅದು ಹಲಗೆಗಳ ನಡುವೆಯೇ ಇತ್ತು. ಫೆವಿಕಾಲನ್ನು ಆಚಾರ್ರು ಹಾಳೆಗೆ ಹಚ್ಚಲಿಲ್ಲ; ಪೆಟ್ಟಿಗೆಗೆ ತೆಳುವಾಗಿ ಬಳಿದರು. ಅಂಟಿನಲ್ಲಿಯೂ ನೀರಿದೆಯಲ್ಲ, ಹಾಳೆಗೆ ಬಳಿದರೆ ಅದು ಒಡನೆಯೇ ಸುರುಳಿಯಾಗುತ್ತದೆ. ಗಂಟಿನ ಸಣ್ಣ ತೂತುಗಳಿಂದ ಅಂಟು ಮೇಲೆ ಬಂದೀತೆಂದು ಪ್ಲಾಸ್ಟಿಕ್ ಹಾಸಿ, ಹಲಗೆಯಿಟ್ಟು, ರಾತ್ರಿಯಿಡೀ ಬಿಗಿದಿಟ್ಟರು.

ಅರಗಿನ ಪಾಲಿಶ್ ಆರಿದ ಮೇಲೆ ಅಮ್ಮನನ್ನು ಕರೆತಂದೆ. ಅವರು ಬಟ್ಟೆ ಹಿಡಿಯಲಿಲ್ಲ. ಬರಿಗೈಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದರು. ಬಿರುಕಿದ್ದ ಅಂಚಿನಲ್ಲಿ ಬೆರಳು ಕ್ಷಣ ನಿಂತಿತು. ನಮ್ಮ ಕಣ್ಣಿಗೇ ಅದು ಕಾಣುತ್ತಿರಲಿಲ್ಲ. "ಇಲ್ಲೊಂದು ಗೀರಿದೆ, ಆದರೆ ಚುಚ್ಚುವುದಿಲ್ಲ" ಎಂದರು. ಆಚಾರ್ರು ತಲೆ ಕೆರೆದುಕೊಂಡರು.

ಉಳಿದ ಎರಡು ಬೆರಳಗಲದ ಪಟ್ಟಿಯನ್ನು ನಾವು ಎಸೆದಿಲ್ಲ. ರೇಡಿಯೋದ ಎಡಮಗ್ಗುಲೂ ಏಳತೊಡಗಿದೆ; ಪಟ್ಟಿ ಹಲಗೆಗಳ ನಡುವೆ ಕಾಯುತ್ತಿದೆ.