ಸಿಪ್ಪೆಯಿಂದ ಸಕ್ಕರೆ ಆಗುವುದುಂಟೇ?



ನಮ್ಮ ಮಕ್ಕಳು ಇಲ್ಲಿ ಕುಡಿಯುವ ಸೋಡಾದ ಡಬ್ಬಿ ತಿರುಗಿಸಿ ನೋಡಿ. ಬಹಳಷ್ಟರ ಮೇಲೆ 'ಹೈ ಫ್ರಕ್ಟೋಸ್ ಕಾರ್ನ್ ಸಿರಪ್' ಎಂದಿರುತ್ತದೆ. ಮೆಕ್ಕೆಜೋಳದ ಹಿಟ್ಟಿನಿಂದ ಸಿಹಿ ಪಾಕ ಬರುವುದಾದರೆ, ನಾವು ಎಸೆಯುವ ಸಿಪ್ಪೆಯಿಂದ ಏಕೆ ಬರಬಾರದು?

ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಹಿರಿಯರಿಂದ. ಊರಿನಿಂದ ಬಂದ ಅತ್ತೆಯವರಿಗೆ ಸೋರೆಕಾಯಿ ಸಿಪ್ಪೆ, ಕೋಸಿನ ದಂಟು ಎಸೆಯಲು ಕೈ ಬಾರದು. ಅಲ್ಲಿ ಅದೆಲ್ಲ ಕಲಗಚ್ಚಿನ ಬಾನಿಗೆ ಬಿದ್ದು ಹಸುವಿನ ಹೊಟ್ಟೆ ಸೇರುತ್ತಿತ್ತು. ಇಲ್ಲಿ ಕಸದ ಗುಂಡಿಯಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲವಾಗುತ್ತದೆ.

ಸಿಪ್ಪೆಯ ನಾರಿನಲ್ಲಿರುವ ಸೆಲ್ಯುಲೋಸ್ ಎಂದರೆ ಗ್ಲೂಕೋಸಿನ ಉದ್ದನೆಯ ಸರ. ಅದನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿದೆ, ಕೆಲವು ಬೂಷ್ಟುಗಳಲ್ಲೂ ಇದೆ. ಕಿಣ್ವಕ್ಕೆ ಹಣ ಹೆಚ್ಚು. ಅದು ಒಂದೇ ಸಲಕ್ಕೆ ಸವೆಯುವುದಿಲ್ಲ, ಆದರೆ ನೀರಿನಲ್ಲಿ ಬೆರೆತರೆ ಮರಳಿ ಹಿಡಿಯುವುದು ಕಷ್ಟ. ಆದ್ದರಿಂದ ಅದನ್ನು ಸಣ್ಣ ಮಣಿಗಳಿಗೆ ಕಟ್ಟಿಹಾಕಿ, ರಸವನ್ನು ಅದರ ಮೇಲೆ ಹರಿಸುತ್ತಾರೆ. ಜಪಾನಿನ ತನಾಬೆ ಕಂಪನಿ 1969ರಲ್ಲಿ ಅಮೈನೋ ಆಮ್ಲ ತಯಾರಿಸಲು ಹೀಗೆ ಮಾಡಿತು. ಜೋಳದ ಪಾಕದ ಗ್ಲೂಕೋಸ್ ಫ್ರಕ್ಟೋಸ್ ಆಗುವುದೂ ಹೀಗೆಯೇ.

ಸಿಪ್ಪೆಯ ತೊಡಕು ಬೇರೆ. ಪಾಕ ಹರಿಯುತ್ತದೆ, ನಾರು ಹರಿಯದು. ಮಣಿಯಲ್ಲಿ ಕೂತ ಕಿಣ್ವವನ್ನು ಗಟ್ಟಿ ನಾರು ಮುಟ್ಟುವುದೆಂತು? ಅದಕ್ಕೆ ಎರಡು ಹೆಜ್ಜೆಯ ದಾರಿಯಿದೆ. ಮೊದಲು ಸಿಪ್ಪೆಯನ್ನು ಅರೆದು, ಬಿಡಿ ಕಿಣ್ವ ಬೆರೆಸಿ, ನಾರನ್ನು ಸೆಲ್ಲೋಬಯೋಸ್ ಎಂಬ ಕರಗುವ ಜೋಡಿ ಸಕ್ಕರೆ ಮಾಡುವುದು. ಅದು ಹೆಚ್ಚಾದರೆ ಮೊದಲ ಕಿಣ್ವದ ಕೆಲಸ ಕುಂಟುತ್ತದೆ. ಆದ್ದರಿಂದ ಆ ರಸವನ್ನು ಮಣಿಗೆ ಕಟ್ಟಿದ ಇನ್ನೊಂದು ಕಿಣ್ವದ ಮೇಲೆ ಹರಿಸಿ ಗ್ಲೂಕೋಸ್ ಮಾಡುವುದು. ಮಣಿಗಳನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ತರಕಾರಿಯಲ್ಲಿ ನೀರೇ ಹೆಚ್ಚಾದ್ದರಿಂದ ಸಿಗುವ ಪಾಕ ತೆಳು; ಅದನ್ನು ಗಟ್ಟಿ ಮಾಡಲು ಉರುವಲು ಬೇಕು. ಅಂಥ ರಸವನ್ನು ಯೀಸ್ಟಿಗೆ ಉಣಿಸಿ ಮದ್ಯಸಾರ ಮಾಡುವುದೂ ಒಂದು ಉಪಾಯ.

ಇದು ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ, ನಿಜ. ಆದರೆ ಗೊಬ್ಬರವಾಗಲಿ, ಅನಿಲವಾಗಲಿ, ಸಕ್ಕರೆಯಾಗಲಿ, ಎಲ್ಲಕ್ಕೂ ಮೊದಲ ಹೆಜ್ಜೆ ಒಂದೇ: ಸಿಪ್ಪೆಯ ಜೊತೆ ಪ್ಲಾಸ್ಟಿಕ್ ಚಮಚ, ಥರ್ಮಕೋಲ್ ತಟ್ಟೆ ಬೆರೆಯಬಾರದು. ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹಸಿ ಕಸ ಬೇರೆ ಮಾಡುವ ನಿಯಮವೇ ಇದೆ. ಸಂಘದ ಮುಂದಿನ ಹಬ್ಬದೂಟಕ್ಕೆ ಎರಡು ದೊಡ್ಡ ಬಕೆಟ್ ನಾವು ತರುತ್ತೇವೆ. ತರಕಾರಿ ಹೆಚ್ಚಲು ಬರುವವರು ಸಿಪ್ಪೆಯನ್ನು ಅದರಲ್ಲೇ ಹಾಕುವಿರಷ್ಟೆ?