ಅಜ್ಜಿ ಮುಚ್ಚಿದ ಬಾಗಿಲು

1980ರ ಫೆಬ್ರವರಿ 16, ಶನಿವಾರ. ನಾನು ಸಿರುಗುಪ್ಪದ ಅಜ್ಜಿಮನೆಯಲ್ಲಿದ್ದೆ. ನೀರಿನ ಕೊಡಗಳಿಗೆ ದರ್ಭೆ ಹಾಕಿದ ಅಜ್ಜಿ ಬಾಗಿಲಿಗೆ ಅಗಳಿ ಹಾಕಿದಳು. "ಹೊರಗ ಹೋಗಬ್ಯಾಡವ್ವಾ, ಕಣ್ಣು ಹೋಗ್ತಾವು" ಎಂದಳು. ಮೂರೂವರೆ ದಾಟಿದ ಮೇಲೆ ಕಿಟಕಿಯ ಸಂದಿಯ ಬೆಳಕೂ ಆರಿತು. ಹಕ್ಕಿಗಳ ಸದ್ದಡಗಿತು. ನನ್ನ ಪಾಲಿನ ಖಗ್ರಾಸ ಸೂರ್ಯಗ್ರಹಣ ಅಷ್ಟೇ.

ಅದೇ ಹೊತ್ತಿಗೆ ಹೊಳೆಯಾಚೆ, ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ದೂರದರ್ಶಕ ಹೂಡಿ ಕಾದಿದ್ದರಂತೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸೂರ್ಯಬಿಂಬ ಮುಚ್ಚಿದಾಗ ಸುತ್ತಲೂ ಬೆಳ್ಳಗೆ ಕಾಣುವ ಕರೋನಾವನ್ನು ನೋಡಲು ಅವರಿಗೆ ಸಿಕ್ಕಿದ್ದು ಮೂರು ನಿಮಿಷಕ್ಕೂ ಕಡಿಮೆ.

ಆ ಕರೋನಾದಲ್ಲೊಂದು ಒಗಟಿದೆ. ಒಲೆಯಿಂದ ದೂರ ಸರಿದಷ್ಟೂ ಕಾವು ಕಡಿಮೆಯಾಗಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಅಡುಗೆ ಮಾಡುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸೂರ್ಯನ ಮೇಲ್ಮೈ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಎಷ್ಟೋ ಮೇಲಿರುವ ಕರೋನಾ 10 ಲಕ್ಷ ಡಿಗ್ರಿ ದಾಟುತ್ತದೆ!

ಇದನ್ನು ಓದಿದಾಗ ನನಗೆ ನೆನಪಾದದ್ದು ಸೋದರಮಾವನ ಬಾರುಕೋಲು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಬಂಡಿ ಹೂಡಿದರೆ ಮಾವ ಅದನ್ನು ಗಾಳಿಯಲ್ಲಿ ಬೀಸುತ್ತಿದ್ದ. ಕೈ ಅಲುಗುತ್ತಿದ್ದುದು ಮೆಲ್ಲಗೆ, 'ಚಟೀರ್' ಎನ್ನುತ್ತಿದ್ದುದು ತುದಿ.

ಸೂರ್ಯನಲ್ಲಿರುವುದು ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳಾಗಿ ಒಡೆದ ಅನಿಲ. ಅದರೊಳಗಿನ ಕಾಂತರೇಖೆಗಳು ಬಿಗಿದ ಹಗ್ಗಗಳಂತೆ. ಬುಡ ಅಲುಗಿದರೆ ಅಲೆ ಮೇಲಕ್ಕೆ ಓಡುತ್ತದೆ ಎಂದು 1942ರಲ್ಲಿ ಹೇಳಿದವರು ಸ್ವೀಡನ್ನಿನ ಹಾನೆಸ್ ಆಲ್ವೇನ್. 1970ರಲ್ಲಿ ಅವರಿಗೆ ನೊಬೆಲ್ ಬಂತು. ಮೇಲೆ ಹೋದಂತೆ ಪ್ಲಾಸ್ಮಾ ತೆಳುವಾಗುತ್ತದೆ, ಅಲೆ ಬಿರುಸಾಗುತ್ತದೆ, ಕೊನೆಗೆ ಒಡೆದು ತನ್ನ ಶಕ್ತಿಯನ್ನು ಬಿಸಿಯಾಗಿ ಚೆಲ್ಲುತ್ತದೆ. ಕೆಳಗಿನಿಂದ ಹೋಗುವುದು ಬಿಸಿಯಲ್ಲ, ಅಲುಗಾಟ.

ಸೂರ್ಯನ ಕಲೆಗಳಲ್ಲಿ ಕಾಂತಬಲ ಭೂಮಿಯದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಒಳಗಿನ ಬಿಸಿಯನ್ನು ತಡೆದು ಕಲೆಯನ್ನು ಕಪ್ಪಾಗಿಸುವುದೂ ಅದೇ, ಅಲೆಗಳನ್ನು ಮೇಲಕ್ಕೊಯ್ದು ಅಲ್ಲಿ ಬಿಸಿ ಮಾಡುವುದೂ ಅದೇ. ಕಲೆಯೊಂದರ ಮೇಲೆ ಇಂಥ ಅಲೆಗಳು ಒಡೆದು ಸುತ್ತಲ ಪ್ಲಾಸ್ಮಾವನ್ನು ಶೇಕಡಾ 5ರಷ್ಟು ಬಿಸಿ ಮಾಡಿದ್ದನ್ನು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿತು. ಆದರೂ ಕರೋನಾದ ಬಿಸಿಯೆಲ್ಲ ಅಲೆಗಳದೇ, ಸಣ್ಣಪುಟ್ಟ ಸ್ಫೋಟಗಳಿಗೂ ಪಾಲಿದೆಯೇ ಎಂಬ ಚರ್ಚೆ ಮುಗಿದಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಕರೋನಾ ನೋಡುವ ಉಪಕರಣವಿದೆ. ಜವಳಗೇರಾಕ್ಕೆ ಬಂದಿದ್ದ ಸಂಸ್ಥೆಯೇ ಅದನ್ನು ಹೊಸಕೋಟೆಯಲ್ಲಿ ಕಟ್ಟಿತು. ಅದಕ್ಕೆ ಗ್ರಹಣ ಕಾಯುವ ಕಷ್ಟವಿಲ್ಲ.

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಗ್ರಹಣದ ಸೂರ್ಯನನ್ನು ಬರಿಗಣ್ಣಿಂದ ನೋಡಿದರೆ ಕಣ್ಣಿಗೆ ಕೇಡು ಎಂಬ ಅವಳ ಮಾತು ನಿಜವೇ. ಅವಳ ಕೈಯಲ್ಲಿದ್ದ ಉಪಾಯ ಅಗಳಿಯೊಂದೇ. 2019ರ ಡಿಸೆಂಬರ್ 26ರ ಬೆಳಿಗ್ಗೆ, ಬಳ್ಳಾರಿಯ ನಮ್ಮ ಮಾಳಿಗೆಯ ಮೇಲೆ, ಮೊಮ್ಮಗಳ ಕಣ್ಣಿಗೆ ಗ್ರಹಣದ ಕನ್ನಡಕ ಹಾಕಿಸಿದೆ. "ಅಜ್ಜಿ, ಸೂರ್ಯನ್ನ ಯಾರೋ ಕಚ್ಚ್ಯಾರ!" ಎಂದು ಕುಣಿದಳು. ಆಮೇಲೆ ಕನ್ನಡಕ ತೆಗೆದು ನನ್ನ ಕೈಗಿಟ್ಟಳು. "ಈಗ ನೀ ನೋಡು."