ನಾಲ್ಕು ಚಕ್ರ, ಎರಡು ಕೆಂಪು ದೀಪ

ನನ್ನ ವಾಹನವನ್ನು ಏನೆಂದು ಕರೆಯಬೇಕೆಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಸ್ಕೂಟರ್ ಎನ್ನೋಣವೆಂದರೆ ಅದಕ್ಕೆ ನಾಲ್ಕು ಚಕ್ರ. ಕಾರು ಎನ್ನೋಣವೆಂದರೆ ಕೇಳಿದವರು ನಗುತ್ತಾರೆ. ನಮ್ಮ ಅತನೂರಿನ ಹುಡುಗರು ಅದನ್ನು 'ಮಾಸ್ತರ ವಿಮಾನ' ಎನ್ನುತ್ತಾರೆ. ಹಿಂಬದಿಗೆ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ಚಕ್ರಗಳು ಅವರ ಕಣ್ಣಿಗೆ ರೆಕ್ಕೆಗಳಂತೆ ಕಂಡಿರಬೇಕು. ಸರಕಾರ ಮಾತ್ರ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇಂಥವಕ್ಕೊಂದು ಹೆಸರಿಟ್ಟಿತ್ತು: 'ಇನ್‌ವ್ಯಾಲಿಡ್ ಕ್ಯಾರೇಜ್'. ಇಂಗ್ಲಿಷಿನಲ್ಲಿ ಆ ಮೊದಲ ಪದದ ಒತ್ತು ಆರಂಭಕ್ಕೆ ಬಿದ್ದರೆ ಅಶಕ್ತ ಮನುಷ್ಯ ಎಂದು ಅರ್ಥ. ನಡುವೆ ಬಿದ್ದರೆ ಅಸಿಂಧು, ನಡೆಯದ್ದು ಎಂದು ಅರ್ಥ. ನಮ್ಮ ಕಡೆ ಒತ್ತು ಬೀಳುವುದು ಯಾವಾಗಲೂ ನಡುವೆಯೇ.

ಪಟ್ಟಣದ ವಾಚಕರು ಇಂಥ ಬಂಡಿಯನ್ನು ನೋಡದೆ ಇರಲಾರರು. ಗೇರಿಲ್ಲದ ಒಂದು ಸ್ಕೂಟರು, ಅದರ ಹಿಂದಿನ ಚಕ್ರದ ಎರಡೂ ಬದಿಗೆ ಇನ್ನೆರಡು ಚಕ್ರ, ಸೀಟಿನ ಹಿಂದೆ ನಿಲ್ಲಿಸಿದ ಒಂದು ಊರುಗೋಲು. ಯಾರೋ ಪಾಪ ಹೋಗುತ್ತಿದ್ದಾರೆ ಎಂದುಕೊಂಡು ನೀವು ಮುಂದೆ ಹೋಗಿರುತ್ತೀರಿ. ಆದರೆ ಆ ಬಂಡಿ ಯಾವ ಕಾರಖಾನೆಯಿಂದಲೂ ಹಾಗೆಯೇ ಹೊರಟು ಬಂದದ್ದಲ್ಲ. ಯಾರೋ ಒಬ್ಬರು ಇನ್ನೊಬ್ಬರ ಮೈಗೆ ಅಳತೆ ಮಾಡಿ, ಅಂಗಿ ಹೊಲಿದಂತೆ ಹೊಲಿದದ್ದು. ಹೊಲಿದ ಮೇಲೆ ಅದನ್ನು ಸರಕಾರಕ್ಕೆ ತೋರಿಸಿ ಒಪ್ಪಿಸಬೇಕು. ನಾನು ಹೇಳಹೊರಟಿರುವುದು ಆ ಒಪ್ಪಿಸುವ ಪ್ರಸಂಗವನ್ನು.

ನನಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಬಲಗಾಲಿನ ಕಸುವು ಹೋಯಿತು. ಅದರ ಕಥೆ ಅವ್ವ ಹೇಳುತ್ತಿದ್ದಂತೆ ಬಹಳ ಉದ್ದ; ನಾನು ಬೆಳೆಸುವುದಿಲ್ಲ. ನಾನು ಪಾಠ ಹೇಳುವ ಶಾಲೆ ಊರಿನಿಂದ ಒಂದು ಹರದಾರಿ. ಬಹಳ ವರ್ಷ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಹೋಗಿ ಬರುತ್ತಿದ್ದೆ. ಬೇಸಿಗೆಯಲ್ಲಿ ಅದು ಗಾಡಿ. ಮಳೆ ಬಿದ್ದು ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡಿತೆಂದರೆ ಅದು ಗಾಡಿಯಲ್ಲ, ಗೂಟ. ತೊಗರಿ ಹೊಲದ ನಡುವೆ ನಿಂತು, ಯಾರಾದರೂ ಬಂದು ನೂಕುವ ತನಕ ದಾರಿ ಕಾಯುವುದು. ನೂಕಲು ಬಂದವರು ಒಳ್ಳೆಯವರೇ. ಆದರೆ ನಿತ್ಯ ಉಪಕಾರ ಹೊತ್ತು ಪಾಠಕ್ಕೆ ಹೋಗುವ ಮಾಸ್ತರನಿಗೆ ಹುಡುಗರನ್ನು ಗದರಿಸುವ ಧೈರ್ಯ ಬರುವುದಿಲ್ಲ. ಬಸ್ಸಿನ ಮಾತೆತ್ತಬೇಡಿ. ಅದರ ಮೊದಲನೆಯ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ.

2016ರಲ್ಲಿ ಒಂದು ಸ್ಕೂಟರು ಕೊಂಡೆ. ಸೊಲ್ಲಾಪುರದ ಅಂಗಡಿಯೊಂದರಿಂದ ಪಕ್ಕದ ಚಕ್ರಗಳ 'ಕಿಟ್' ತರಿಸಿದೆ. ಗೋಣಿಚೀಲದಲ್ಲಿ ಸುತ್ತಿ ಬಂದ ಸಾಮಾನು: ಕೊಳವೆಯ ಒಂದು ಚೌಕಟ್ಟು, ಹತ್ತು ಇಂಚಿನ ಎರಡು ಚಕ್ರ, ಎರಡು ಸ್ಪ್ರಿಂಗು, ಒಂದು ಪುಡಿಕೆ ತುಂಬ ನಟ್ಟು ಬೋಲ್ಟು, ಮತ್ತು ಚಿತ್ರಗಳೇ ಹೆಚ್ಚಾಗಿದ್ದ ಒಂದು ಹಾಳೆ. ಜೋಡಿಸುವ ಭಾರ ಹೊತ್ತವನು ನಮ್ಮೂರ ವೆಲ್ಡಿಂಗ್ ಅಂಗಡಿಯ ಕಾಕಾ. ಕಂಬಾರರ ಮನೆತನ, ಅಪ್ಪ ಕುಡ, ಕುರ್ಚಿಗಿ ಬಡಿಯುತ್ತಿದ್ದ, ಮಗ ಕಬ್ಬಿನ ಟ್ರೇಲರಿಗೆ ಬೆಸುಗೆ ಹಾಕುತ್ತಾನೆ. ಕಾಕಾ ಹಾಳೆಯನ್ನು ಒಮ್ಮೆ ನೋಡಿ, ಮಡಚಿ, ಚಹದ ಲೋಟದ ಕೆಳಗಿಟ್ಟ. "ಇದು ಡಾಂಬರ ರಸ್ತಾಕ್ಕ ಬರದದ್ದದ, ಮಾಸ್ತರ. ನಮ್ಮ ದಾರಿಗೆ ಬ್ಯಾರೆ ಮಾಡಬೇಕು" ಎಂದ.

ಅವನ ಮಾತು ಅಕ್ಷರಶಃ ನಿಜವಾಯಿತು. ಪಕ್ಕದ ಎರಡು ಚಕ್ರಗಳು ನೆಲಕ್ಕೆ ಬಿಗಿಯಾಗಿ ಕೂತರೆ, ತಗ್ಗು ಬಂದಲ್ಲಿ ಅವೆರಡೂ ಎತ್ತರದ ಮೇಲೆ ನಿಂತು, ಇಂಜಿನ್ ತಿರುಗಿಸುವ ನಡುವಿನ ಚಕ್ರ ಗಾಳಿಯಲ್ಲಿ ತೂಗುತ್ತದೆ. ಇಂಜಿನ್ ಅರಚುತ್ತದೆ, ಬಂಡಿ ಕದಲುವುದಿಲ್ಲ. ಅವನ್ನು ತೀರ ಮೇಲೆತ್ತಿ ಕಟ್ಟಿದರೆ ಕೂತವನು ಎಡಕ್ಕೆ ಬಲಕ್ಕೆ ತೊಟ್ಟಿಲಾಡುತ್ತಾನೆ. ಕಾಕಾ ಹಳೆಯ ಟೆಂಪೋದ ಕಮಾನು ಪಟ್ಟಿಯನ್ನು ತುಂಡು ಮಾಡಿ, ಎಡದ ಚಕ್ರಕ್ಕೆ ಬೇರೆ, ಬಲದ ಚಕ್ರಕ್ಕೆ ಬೇರೆ ಕಮಾನು ಕೊಟ್ಟ. ಒಂದು ಚಕ್ರ ಗುಂಡಿಗೆ ಇಳಿದರೂ ಇನ್ನೊಂದು ತನ್ನ ಪಾಡಿಗೆ ತಾನಿರಬೇಕು. ಹದಿನೈದು ದಿನ ಹಿಡಿಯಿತು. ನನ್ನನ್ನು ಕೂರಿಸುವುದು, ಇಳಿಸುವುದು, ಮತ್ತೆ ಬಿಚ್ಚುವುದು. ನನ್ನ ತೂಕವನ್ನು ಅವನಷ್ಟು ನಿಖರವಾಗಿ ಯಾವ ವೈದ್ಯನೂ ತಿಳಿದಿಲ್ಲ.

ಇನ್ನೊಂದು ಸಂಗತಿ ಇದೆ. ಎರಡು ಚಕ್ರದ ಸವಾರರು ಇದನ್ನು ಯೋಚಿಸಿರಲಿಕ್ಕಿಲ್ಲ. ನೀವು ತಿರುವಿನಲ್ಲಿ ಮೈ ವಾಲಿಸುತ್ತೀರಿ, ಬಂಡಿಯೂ ನಿಮ್ಮೊಡನೆ ವಾಲುತ್ತದೆ. ಅದರಿಂದಲೇ ಬೀಳದೆ ಉಳಿಯುತ್ತೀರಿ. ನನ್ನ ಬಂಡಿ ವಾಲುವುದಿಲ್ಲ. ಎಡಕ್ಕೆ ತಿರುಗಿದರೆ ನನ್ನನ್ನು ಬಲಕ್ಕೆ ಎಸೆಯಲು ನೋಡುತ್ತದೆ, ಒಳಗಿನ ಚಕ್ರ ಮೇಲೇಳುತ್ತದೆ. ರಸ್ತೆ ಅಂಚಿಗೆ ಇಳಿಜಾರಾಗಿದ್ದರೆ ಇಡೀ ದಾರಿ ಎಡಕ್ಕೇ ಎಳೆಯುತ್ತದೆ. ಬೀಳದಂತೆ ಕಾಯುವ ಚಕ್ರಗಳೇ ಅವಸರ ಮಾಡಿದರೆ ಬೀಳಿಸುವವೂ ಹೌದು.

ಬಂಡಿ ಆಯಿತು, ಇನ್ನು ಕಾಗದ. ನೋಂದಣಿ ಪುಸ್ತಕದಲ್ಲಿ ಇದ್ದಂತೆಯೇ ವಾಹನ ಇರತಕ್ಕದ್ದು, ಒಪ್ಪಿಗೆಯಿಲ್ಲದೆ ಬದಲಿಸಕೂಡದು ಎಂಬುದು ಕಾಯಿದೆಯ 52ನೆಯ ಕಲಮು. ಕೈಕಾಲು ಊನವಾದವನಿಗೆ ಇಂಥ ಬಂಡಿ ಓಡಿಸುವಷ್ಟಕ್ಕೆ ಸೀಮಿತವಾದ ಲೈಸೆನ್ಸು ಕೊಡಬಹುದೆಂದು 8ನೆಯ ಕಲಮು. ಲೈಸೆನ್ಸು ಬೇಕಾದರೆ ಬಂಡಿ ಓಡಿಸಿ ತೋರಿಸಬೇಕು. ಓಡಿಸಿ ತೋರಿಸಲು ಬಂಡಿಗೆ ಒಪ್ಪಿಗೆ ಬೇಕು. ಒಪ್ಪಿಗೆಗೆ ಬಂಡಿ ಕಚೇರಿಯವರೆಗೆ ಹೋಗಬೇಕು. ಹೋಗಲು ಲೈಸೆನ್ಸು ಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಎಂದು ವೇದಾಂತಿಗಳು ಕೂತಿರಲಿ, ನಾವು ಬಂಡಿಯನ್ನು ಸಾಮಾನಿನ ಟಂಟಂ ಮೇಲೆ ಏರಿಸಿ ಹಗ್ಗ ಬಿಗಿದೆವು.

ಇಷ್ಟಾದರೂ ನನ್ನದು ಸುಲಭದ ಪೈಕಿ. ಮೂಲ ಬಂಡಿ ಕಾರಖಾನೆಯದು, ಸೇರಿಸಿದ್ದಷ್ಟೇ ನಮ್ಮದು. ಪೂರ್ತಿ ವಾಹನವನ್ನೇ ಮನೆಯಲ್ಲಿ ಕಟ್ಟಿದವನಿಗೆ ಜಿಲ್ಲೆಯ ಕಚೇರಿಯಲ್ಲಿ ಕೆಲಸವಿಲ್ಲ. ಅದರ ಮಾದರಿ ಪುಣೆಯ ಎ.ಆರ್.ಎ.ಐ.ಯಂಥ ಪರೀಕ್ಷಾ ಸಂಸ್ಥೆಯನ್ನು ದಾಟಿ ಬರಬೇಕು. ನಮ್ಮ ಗಡಿಯಾಚೆ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ದತ್ತಾತ್ರೇಯ ಲೋಹಾರ ಎಂಬವರು ಮಗನ ಆಸೆಗಾಗಿ ಹಳೆಯ ಕಬ್ಬಿಣ ಕೂಡಿಸಿ, ಒದ್ದರೆ ಶುರುವಾಗುವ ನಾಲ್ಕು ಚಕ್ರದ ಪುಟ್ಟ ಮೋಟಾರು ಕಟ್ಟಿದ್ದು 2021ರ ಕೊನೆಗೆ ದೇಶಕ್ಕೆಲ್ಲ ಗೊತ್ತಾಯಿತು. ಮಹೀಂದ್ರ ಕಂಪನಿಯ ಒಡೆಯರು ಅದನ್ನು ಮೆಚ್ಚಿ, ನಿಯಮಕ್ಕೆ ಹೊರತಾದ್ದರಿಂದ ಇಂದಲ್ಲ ನಾಳೆ ಅಧಿಕಾರಿಗಳು ತಡೆದಾರೆಂದೂ ಹೇಳಿ, ಅದರ ಬದಲಿಗೆ ಹೊಸ ಬೊಲೆರೊ ಒಂದನ್ನು 2022ರ ಜನವರಿಯಲ್ಲಿ ಕೊಡಿಸಿದರು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆದರೂ ಕೈಯಿಂದ ಕಟ್ಟಿದ್ದು ರಸ್ತೆಯ ಮೇಲೆ ಉಳಿಯದೆ ಹೋಯಿತಲ್ಲ ಎಂಬ ಒಂದು ಚುಚ್ಚು ನನ್ನೊಳಗೆ ಉಳಿಯಿತು.

ಕಾಲಿಲ್ಲದವರ ಬಂಡಿಗಳು ಹುಟ್ಟಿದ್ದೇ ಹೀಗೆ ಮನೆಯ ಅಂಗಳದಲ್ಲಿ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ, ನಡೆಯಲಾರದ ಗಡಿಯಾರಗಾರ 1655ರಲ್ಲಿಯೇ ತನಗಾಗಿ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿ ಮಾಡಿಕೊಂಡಿದ್ದ. ಇಂಗ್ಲೆಂಡಿನ ಬರ್ಟ್ ಗ್ರೀವ್ಸ್ ಎಂಬವನು ಹುಲ್ಲು ಕತ್ತರಿಸುವ ಯಂತ್ರದ ಇಂಜಿನನ್ನು ತನ್ನ ಬಂಧುವಿನ ಗಾಲಿಕುರ್ಚಿಗೆ ಕಟ್ಟಿದ. ಅದರಿಂದ ಬೆಳೆದ ತಿಳಿನೀಲಿ ಬಣ್ಣದ 'ಇನ್‌ವಾಕಾರ್' ಬಂಡಿಗಳನ್ನು ಅಲ್ಲಿನ ಸರಕಾರವೇ ಜನರಿಗೆ ಹಂಚಿತು. ಈ ಕಾಲದ ಸುರಕ್ಷತೆಯ ಅಳತೆಗೆ ಅವು ನಿಲ್ಲಲಿಲ್ಲವೆಂದು 2003ರಲ್ಲಿ ಅದೇ ಸರಕಾರ ಅವನ್ನು ರಸ್ತೆಯಿಂದ ಹಿಂದಕ್ಕೆ ಕರೆಯಿತು.

ಚೌಡಾಪುರದ ಕ್ರಾಸಿನಲ್ಲಿ ಗಾಣಗಾಪುರದ ದತ್ತನಿಗೆ ಹೊರಟ ಯಾತ್ರಿಕರು ನಮ್ಮ ಟಂಟಂ ಮೇಲಿನ ವಸ್ತುವನ್ನು ಕಂಡು, ಹರಕೆಯ ಸಾಮಾನೇನೋ ಎಂದು ಕೈಮುಗಿದರು. ಕಾಕಾ ಗಂಭೀರವಾಗಿ ತಲೆಯಾಡಿಸಿದ.

ನಮ್ಮ ಕಡೆ ಈ ಅಧಿಕಾರಿಗೆ 'ಬ್ರೇಕ್ ಇನ್‌ಸ್ಪೆಕ್ಟರ್' ಎಂಬ ಹೆಸರು. ಬಂದವರು ದಕ್ಷಿಣದ ಕಡೆಯವರೆಂದು ಮಾತಿನಿಂದ ತಿಳಿಯಿತು. ನಾನು ನನ್ನ ವೈದ್ಯಕೀಯ ಸರ್ಟಿಫಿಕೇಟು, ಕಾಲಿನ ಕಥೆ ಎಲ್ಲ ಸಿದ್ಧಮಾಡಿಕೊಂಡು ನಿಂತಿದ್ದೆ. ಅವರು ಅದನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು, ಬಂಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತರು. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಸಿದರು. ಕ್ಲಾಂಪುಗಳನ್ನು ಅಲ್ಲಾಡಿಸಿದರು. ಬೋಲ್ಟುಗಳ ಉದ್ದನೆಯ ತುದಿಯ ಮೇಲೆ ಅಂಗೈ ಸವರಿ, "ಪಕ್ಕದಲ್ಲಿ ನಡೆದು ಹೋಗೋ ಮಗೂಗೆ ತಾಗುತ್ತೆ, ಕತ್ತರಿಸಿ" ಎಂದರು. ಆಮೇಲೆ, "ನೀವೇ ಹತ್ತಿ ಮೇಷ್ಟ್ರೇ. ಯಾರೂ ಹಿಡೀಬೇಡಿ."

ಹತ್ತಿದೆ. ಓಡಿಸಿದೆ. ಎಂಟರ ಆಕಾರ ಬಿಡಿಸಿದೆ, ಏರಿನಲ್ಲಿ ನಿಲ್ಲಿಸಿದೆ, ಬ್ರೇಕು ಹಿಡಿದೆ. ಆ ಹೊತ್ತಿನಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಹುಟ್ಟಿದಂದಿನಿಂದ ನನ್ನನ್ನು ಕಂಡವರ ಕಣ್ಣು ಮೊದಲು ಬೀಳುವುದು ಕಾಲಿನ ಮೇಲೆ, ಆಮೇಲೆ ಮುಖದ ಮೇಲೆ. ಈ ಮನುಷ್ಯ ನನ್ನ ಕಾಲನ್ನು ನೋಡಲೇ ಇಲ್ಲ. ಅವರ ಕಣ್ಣೆಲ್ಲ ಒಳಗಿನ ಚಕ್ರ ನೆಲ ಬಿಡುತ್ತದೋ ಇಲ್ಲವೋ ಎಂಬುದರ ಮೇಲೆಯೇ ಇತ್ತು.

ಸುತ್ತು ಮುಗಿದ ಮೇಲೆ ಬಂಡಿಯ ಹಿಂದೆ ಐವತ್ತು ಹೆಜ್ಜೆ ದೂರ ಹೋಗಿ ನಿಂತರು. ಅಲ್ಲಿಂದಲೇ ಕೂಗಿದರು: "ಇದು ಆಗಲ್ಲ."

ಕಾಕಾನ ಮುಖ ಕಪ್ಪಿಟ್ಟಿತು. ಅವರು ಹತ್ತಿರ ಬಂದು ವಿವರಿಸಿದರು. ಬಂಡಿಯ ಅಗಲ ಮೂರಡಿ. ಹಿಂದಿನ ಕೆಂಪು ದೀಪ ಒಂದೇ, ಅದೂ ನಡುವೆ. ಕತ್ತಲಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ಆ ಒಂದು ದೀಪ ಕಂಡರೆ, ಯಾವುದೋ ಸ್ಕೂಟರು ಎಂದುಕೊಂಡು ಸ್ಕೂಟರಿಗೆ ಬಿಡುವಷ್ಟೇ ಜಾಗ ಬಿಡುತ್ತಾನೆ. ಚಾಚಿದ ಚಕ್ರ ಅವನಿಗೆ ಕಾಣುವುದಿಲ್ಲ. "ಬಂಡಿ ನಿಮಗೆ ಸರಿಯಾಗಿದೆ ಮೇಷ್ಟ್ರೇ, ಚೆನ್ನಾಗಿ ಮಾಡಿದ್ದಾರೆ. ಆದರೆ ನಿಮ್ಮ ಹಿಂದೆ ಬರೋನಿಗೆ ನೀವು ಎಷ್ಟು ಅಗಲ ಅಂತ ಗೊತ್ತಾಗಬೇಕಲ್ಲ?" ಎರಡೂ ಚಕ್ರದ ಮಡ್‌ಗಾರ್ಡಿನ ಹೊರ ಅಂಚಿಗೆ ಒಂದೊಂದು ಕೆಂಪು ದೀಪ, ಅದರ ಕೆಳಗೆ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ ಹಾಕಿಸಿಕೊಂಡು ಬನ್ನಿ ಎಂದರು. ಸೊಲ್ಲಾಪುರದ ಕಿಟ್ಟಿನಲ್ಲಿ ಅದೊಂದೂ ಇರಲಿಲ್ಲ, ಹಾಳೆಯ ಚಿತ್ರದಲ್ಲೂ ಇರಲಿಲ್ಲ.

ಭೀಮೆಯ ದಂಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಬ್ಬಿನ ಸುಗ್ಗಿಯಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಹೋಗುತ್ತವೆ. ಜಲ್ಲೆಗಳು ಹೊರಚಾಚಿ, ಇದ್ದ ದೀಪವನ್ನೂ ಮುಚ್ಚಿರುತ್ತವೆ. ಕತ್ತಲಲ್ಲಿ ಹೋಗಿ ಬಡಿದವರ ಸುದ್ದಿ ಪ್ರತಿ ಸುಗ್ಗಿಗೂ ಒಂದಿಲ್ಲೊಂದು ಊರಿನಿಂದ ಬರುತ್ತದೆ. ಮರಳಿ ಬರುವಾಗ ಕಾಕಾ ಬಹಳ ದೂರ ಮಾತಾಡಲಿಲ್ಲ. ಆಮೇಲೆ, ತನ್ನಷ್ಟಕ್ಕೆ ಎಂಬಂತೆ, "ನಮ್ಮಪ್ಪ ಬಂಡಿ ಅಚ್ಚಿಗಿ ಕಂದೀಲ ಕಟ್ಟದ ಹೊರಗ ಹೋಗತಿದ್ದಿಲ್ಲ. ಎತ್ತಿಗಿ ದಾರಿ ಗೊತ್ತದ, ಕಂದೀಲ ಯಾಕ ಅಂತ ನಾ ಕೇಳತಿದ್ದೆ" ಎಂದ.

ಎರಡನೆಯ ಸಲ ಹೋದಾಗ ಅದೇ ಅಧಿಕಾರಿ. ಬೋಲ್ಟಿನ ತುದಿ ಕತ್ತರಿಸಿ ಅರದಿಂದ ಉಜ್ಜಿ, ಅದರ ಮೇಲೆ ರಬ್ಬರಿನ ಟೋಪಿ ತೊಡಿಸಿದ್ದೆವು. ಅವರು ಮತ್ತೆ ಐವತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ದೀಪ ಹಾಕು ಎಂದರು, ಬ್ರೇಕು ಹಿಡಿ ಎಂದರು. ಎರಡು ನಿಮಿಷ ಹಾಗೆಯೇ ನೋಡಿದರು. ನನ್ನ ಎದೆ ಇಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ಅವರು ಏನನ್ನೂ ಹೇಳದೆ ಒಳಗೆ ಹೋಗಿ ಸಹಿ ಮಾಡಿದರು. ಕಾಕಾನ ಕಡೆ ತಿರುಗಿ, "ಈ ಕಮಾನು ಯಾವ ಗಾಡೀದು?" ಎಂದು ಕೇಳಿದ್ದು ಮಾತ್ರ ನೆನಪಿದೆ. ಆ ಪ್ರಶ್ನೆಯನ್ನು ಕಾಕಾ ಇಂದಿಗೂ ಊರವರಿಗೆ ಹೇಳುತ್ತಾನೆ.

ಸಹಿಯಾಗಿ ಬಂದ ಕಾಗದದಿಂದ ಒಂದು ಪೇಚೂ ಆಯಿತು. ಒಂದು ಊರಿನ ನಾಕಾದಲ್ಲಿ ತರುಣ ಪೊಲೀಸನೊಬ್ಬ ನೋಂದಣಿ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ, ನಿಮ್ಮ ಗಾಡಿ ಇನ್‌ವ್ಯಾಲಿಡ್ ಅದರಿ. ಇಲ್ಲೇ ಬರದಾರ ನೋಡ್ರಿ" ಎಂದು ಬಹಳ ಮರ್ಯಾದೆಯಿಂದ ಹೇಳಿದ. ಒತ್ತಕ್ಷರದ ಪಾಠವನ್ನು ನಾನು ರಸ್ತೆಯ ಬದಿಯಲ್ಲಿಯೇ ಮಾಡಬೇಕಾಯಿತು. 2019ರ ತಿದ್ದುಪಡಿಯಲ್ಲಿ ಆ ಪದ ಹೋಗಿ, 'ಅಡಾಪ್ಟೆಡ್ ವೆಹಿಕಲ್', ಅಂದರೆ ಹೊಂದಿಸಿಕೊಂಡ ವಾಹನ ಎಂದಾಯಿತು. ಒಳ್ಳೆಯದೇ. ನಮಗೂ ಹೀಗೆಯೇ ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಹೆಸರು ಬದಲಾಗುತ್ತ ಬಂದಿದೆ. ಕಚೇರಿಗಳ ಮೆಟ್ಟಿಲುಗಳು ಮಾತ್ರ ಮೊದಲಿನ ಎತ್ತರದಲ್ಲಿಯೇ ಇವೆ.

ಪೋಲಿಯೋದ ಕಾಲ ಮುಗಿಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಕಂಡದ್ದು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಬಿತ್ತು. ನನ್ನ ಶಾಲೆಯಲ್ಲಿ ಈಗ ನನ್ನಂತೆ ಕಾಲೆಳೆಯುವ ಮಗು ಒಂದೂ ಇಲ್ಲ. ನಮ್ಮ ಬಂಡಿಗಳಿಗೂ ಗಿರಾಕಿ ತೀರಿತೆಂದು ನಾನು ಎಣಿಸಿದ್ದೆ. ಹಾಗಾಗಿಲ್ಲ. ಅಪಘಾತ, ಲಕ್ವ, ಸಕ್ಕರೆ ಕಾಯಿಲೆ. ಕಾಲು ಕಳೆದುಕೊಳ್ಳುವ ದಾರಿಗಳು ಬದಲಾಗಿವೆ, ಅಷ್ಟೆ.

ಮೊನ್ನೆ ಕರಜಗಿಯ ಕಡೆಯಿಂದ ಒಬ್ಬ ತರುಣ ಅಣ್ಣನ ಹೆಗಲು ಹಿಡಿದು ಬಂದಿದ್ದ. ರಾತ್ರಿ ಬೈಕಿನಲ್ಲಿ ಬರುತ್ತ, ನಿಂತ ಟ್ರೇಲರಿಗೆ ಬಡಿದು ಎಡಗಾಲು ಹೋಗಿತ್ತು. ನನ್ನ ಬಂಡಿಯನ್ನು ಸುತ್ತಲೂ ನೋಡಿ, ಅಣ್ಣನ ಕೈಯಿಂದ ದಾರ ಹಿಡಿಸಿ ಚೌಕಟ್ಟಿನ ಅಳತೆ ತೆಗೆಸಿದ. ಕಾಕಾ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, ಅವರು ದಾರ ಸುತ್ತಿಡುವಷ್ಟರಲ್ಲಿ ಕೂಗಿದ:

"ತಮ್ಮಾ, ಆ ಕೆಂಪ ಲೈಟಿಂದೂ ಅಳತಿ ತಗೋ. ಅದು ಕಿಟ್ಟಿನ್ಯಾಗ ಬರಲ್ಲ."